ಒದ್ದೆ ಪಾದದ ಗುರುತು ಮತ್ತು ಓಟದ ಶೂ

ಓಟದ ಶೂ ಕೊಳ್ಳಲು ದೊಡ್ಡ ಅಂಗಡಿಗೆ ಹೋದವರಿಗೆ ಒಂದು ಪರೀಕ್ಷೆ ಎದುರಾಗುವುದುಂಟು. ಪಾದ ಒದ್ದೆ ಮಾಡಿಕೊಂಡು ಕಾಗದದ ಮೇಲೆ ನಿಲ್ಲಬೇಕು, ಇಲ್ಲವೇ ಅಂಗಾಲಿನ ಒತ್ತಡವನ್ನು ಬಣ್ಣಬಣ್ಣವಾಗಿ ತೋರಿಸುವ ಯಂತ್ರದ ಮೇಲೆ ನಿಲ್ಲಬೇಕು. ಗುರುತಿನ ನಡುವೆ ಒಳಬದಿ ಖಾಲಿಯಾಗಿದ್ದರೆ ಪಾದದ ಕಮಾನು ಚೆನ್ನಾಗಿದೆ, ಸಾಧಾರಣ ಶೂ ಸಾಕು ಎನ್ನುತ್ತಾರೆ. ಇಡೀ ಅಂಗಾಲು ಅಚ್ಚೊತ್ತಿದರೆ ಮಾತಿನ ಧಾಟಿ ಬದಲಾಗುತ್ತದೆ: ನಿಮ್ಮದು ಚಪ್ಪಟೆ ಪಾದ, ಓಡುವಾಗ ಒಳಕ್ಕೆ ವಾಲುತ್ತದೆ, ಹೀಗೇ ಬಿಟ್ಟರೆ ಮೊಣಕಾಲು ನೋವು ಗ್ಯಾರಂಟಿ, ಸ್ವಲ್ಪ ದುಬಾರಿಯಾದರೂ ವಾಲಿಕೆ ತಡೆಯುವ ಸ್ಟೆಬಿಲಿಟಿ ಶೂವನ್ನೇ ತೆಗೆದುಕೊಳ್ಳಿ. ಗುರುತಿನಿಂದ ಕಮಾನು, ಕಮಾನಿನಿಂದ ವಾಲಿಕೆ, ವಾಲಿಕೆಯಿಂದ ನೋವು, ನೋವಿನಿಂದ ಶೂ. ಒಂದರ ಬಾಲವನ್ನು ಇನ್ನೊಂದು ಹಿಡಿದುಕೊಂಡು ಸಾಗುವ ಈ ತರ್ಕ ಕೇಳಲು ಸರಾಗವಾಗಿದೆ. ಆದರೆ ಅದರ ಪ್ರತಿಯೊಂದು ಕೊಂಡಿಯೂ ಸಡಿಲ. ಸ್ಟೆಬಿಲಿಟಿ ಶೂ ಕೆಲವರಿಗೆ ನಿಜಕ್ಕೂ ಉಪಯೋಗವಾಗುತ್ತದೆ, ಆದರೆ ಆ ಕೆಲವರು ಯಾರೆಂಬುದನ್ನು ನಿಂತ ಪಾದದ ಗುರುತು ಹೇಳಲಾರದು, ಶೂ ತೊಟ್ಟು ಓಡಿ ನೋಡಿದಾಗ ಮಾತ್ರ ತಿಳಿಯುತ್ತದೆ ಎಂಬುದು ಈ ಹೊತ್ತಿನ ನನ್ನ ವಾದ.

ಮೊದಲು ಈ ವಾಲಿಕೆ ಏನೆಂದು ನೋಡೋಣ. ಓಡುವಾಗ ಬಹುಪಾಲು ಜನರ ಪಾದ ಹಿಮ್ಮಡಿಯ ಹೊರ ಅಂಚಿನಿಂದ ನೆಲ ಮುಟ್ಟುತ್ತದೆ. ಆ ಕ್ಷಣದಿಂದ ಹಿಮ್ಮಡಿ ಒಳಗಡೆಗೆ ಉರುಳುತ್ತದೆ, ಕಮಾನು ತುಸು ತಗ್ಗುತ್ತದೆ, ಮೊಣಕಾಲ ಕೆಳಗಿನ ಮೂಳೆ ಒಂದಿಷ್ಟು ಒಳಮುಖವಾಗಿ ತಿರುಗುತ್ತದೆ. ಇದಕ್ಕೆ ಪ್ರೊನೇಷನ್ ಎಂದು ಹೆಸರು. ಓಟದ ಒಂದೊಂದು ಹೆಜ್ಜೆಯಲ್ಲೂ ಮೈತೂಕದ ಎರಡರಿಂದ ಮೂರು ಪಟ್ಟು ಬಲ ಕಾಲಿನ ಮೇಲೆ ಬೀಳುತ್ತದೆ. 70 ಕಿಲೋ ತೂಕದವರಿಗೆ ಅದು 140ರಿಂದ 210 ಕಿಲೋ ಭಾರಕ್ಕೆ ಸಮ. ಅಷ್ಟು ಬಲ ಒಂದೇ ಕಡೆ ಒಮ್ಮೆಲೇ ಬೀಳದಂತೆ ಹಂಚಿ ಇಳಿಸುವುದೇ ಈ ಉರುಳಿಕೆಯ ಕೆಲಸ. ಆಮೇಲೆ ಪಾದ ಮತ್ತೆ ಬಿಗಿಗೊಂಡು ಹೆಬ್ಬೆರಳ ಬುಡದಿಂದ ನೆಲವನ್ನೊತ್ತಿ ಮೇಲೇಳುತ್ತದೆ. ಹೀಗಾಗಿ ಒಳಕ್ಕೆ ವಾಲುವುದು ಕಾಯಿಲೆಯೂ ಅಲ್ಲ, ನಡೆಯ ದೋಷವೂ ಅಲ್ಲ. ಯಾರಿಗೆ ಎಷ್ಟು ಎಂಬುದರಲ್ಲಿ ವ್ಯತ್ಯಾಸವಿದೆ, ಆದರೆ ಇಲ್ಲಿಂದಾಚೆ ಅತಿಯಾಯಿತು ಎನ್ನಲು ಎಲ್ಲರೂ ಒಪ್ಪಿದ ಗೆರೆಯೇ ಇಲ್ಲ. ಅಂದಹಾಗೆ, ಹಳೆಯ ಶೂವಿನ ಹಿಮ್ಮಡಿ ಹೊರ ಅಂಚಿನಲ್ಲಿ ಮೊದಲು ಸವೆಯುವುದೂ ನೆಲ ಮುಟ್ಟುವ ಈ ಕ್ರಮದಿಂದಲೇ. ಅದನ್ನು ತೋರಿಸಿ ಹೆದರಿಸುವವರ ಮಾತಿಗೆ ಕಿವಿಗೊಡಬೇಕಾಗಿಲ್ಲ.

ಈ ವಾಲಿಕೆಯನ್ನು ಶೂ ತಡೆಯಬೇಕೆಂಬ ವಿಚಾರ ಬಲವಾಗಿದ್ದು 1970ರ ದಶಕದ ಅಮೆರಿಕದಲ್ಲಿ. ರಸ್ತೆ ಓಟದ ಗೀಳು ಅಲ್ಲಿ ಊರೂರಿಗೆ ಹಬ್ಬಿತ್ತು, ಅದರ ಬೆನ್ನಿಗೇ ಮೊಣಕಾಲು ನೋವೆಂದು ವೈದ್ಯರ ಬಳಿ ಬರುವವರೂ ಹೆಚ್ಚಿದ್ದರು. ಪಾದವೈದ್ಯ ಸ್ಟೀವನ್ ಸಬಾಟ್ನಿಕ್ ಅವರ ಸಲಹೆ ಪಡೆದು ಬ್ರೂಕ್ಸ್ ಕಂಪನಿ 1977ರಲ್ಲಿ ವ್ಯಾಂಟೇಜ್ ಎಂಬ ಶೂ ತಂದಿತು. ಹಿಮ್ಮಡಿ ಒಳಕ್ಕೆ ಉರುಳದಿರಲೆಂದು ಅದರ ತಳವನ್ನು ಒಳಬದಿಯಲ್ಲಿ ಕೊಂಚ ಎತ್ತರಿಸಲಾಗಿತ್ತು. ಮುಂದೆ ಎತ್ತರದ ಜಾಗಕ್ಕೆ ಗಡಸುತನ ಬಂತು. ಕೆಲವು ವರ್ಷಗಳ ಹಿಂದಿನ ಯಾವುದಾದರೂ ಸ್ಟೆಬಿಲಿಟಿ ಶೂವನ್ನು ಕೈಗೆತ್ತಿಕೊಂಡು ಒಳಮಗ್ಗುಲನ್ನು ನೋಡಿ. ಬಿಳಿಯ ಫೋಮಿನ ನಡುವೆ, ಕಮಾನಿನ ಕೆಳಗಿಂದ ಹಿಮ್ಮಡಿಯ ಕಡೆಗೆ ಚಾಚಿಕೊಂಡ ಬೂದು ಬಣ್ಣದ ಒಂದು ತುಂಡು ಕಾಣುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಬಿಳಿಯ ಭಾಗ ತಗ್ಗುತ್ತದೆ, ಬೂದು ಭಾಗ ಜಗ್ಗುವುದಿಲ್ಲ. ಅದೇ ಮೀಡಿಯಲ್ ಪೋಸ್ಟ್. 1992ರಲ್ಲಿ ಬಂದ ಬ್ರೂಕ್ಸ್ ಬೀಸ್ಟ್, 1993ರಲ್ಲಿ ಬಂದು ತನ್ನ ವಿನ್ಯಾಸಕಾರ ತೋಶಿಕಾಝು ಕಯಾನೊ ಅವರ ಹೆಸರನ್ನೇ ಹೊತ್ತ ಆಸಿಕ್ಸ್ ಕಯಾನೊ, ಹೀಗೆ ಒಂದಾದಮೇಲೊಂದರಂತೆ ಬಂದ ಮಾದರಿಗಳಿಂದ ಅಂಗಡಿಯ ಕಪಾಟು ಮೂರು ಪಾಲಾಯಿತು: ಎತ್ತರದ ಕಮಾನಿಗೆ ಮೆತ್ತನೆಯ ಶೂ, ನಡುವಿನ ಕಮಾನಿಗೆ ಸ್ಟೆಬಿಲಿಟಿ, ಚಪ್ಪಟೆ ಪಾದಕ್ಕೆ ವಾಲಿಕೆಯನ್ನು ಇನ್ನೂ ಬಿಗಿಯಾಗಿ ತಡೆಯುವ ಮೋಷನ್ ಕಂಟ್ರೋಲ್. ವಿಂಗಡಣೆ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಅದಕ್ಕೆ ಪುರಾವೆ ಏನೆಂದು ಕೇಳಲು ಮೂರು ದಶಕ ಹಿಡಿಯಿತು.

ಕೇಳಿದವರಲ್ಲಿ ಅಮೆರಿಕದ ಸೇನೆಯೂ ಒಂದು. ಹೊಸದಾಗಿ ಸೇರಿದವರ ತರಬೇತಿಯಲ್ಲಿ ಕಾಲಿನ ಗಾಯ ಅವರಿಗೆ ದೊಡ್ಡ ತಲೆನೋವು. 2009-10ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಭೂಸೇನೆ, ವಾಯುಸೇನೆ ಮತ್ತು ಮರೀನ್ ದಳದ ಸಾವಿರಾರು ತರಬೇತಿ ಸೈನಿಕರನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಅಂಗಾಲಿನ ಆಕಾರ ನೋಡಿ ಅದಕ್ಕೆ ಹೊಂದುವ ಬಗೆಯ ಶೂ. ಇನ್ನೊಂದು ಗುಂಪಿಗೆ ಆಕಾರ ಯಾವುದಿದ್ದರೂ ಎಲ್ಲರಿಗೂ ಸ್ಟೆಬಿಲಿಟಿ ಶೂ. ಮೂರೂ ಕಡೆ ಗಾಯದ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಬರಲಿಲ್ಲ. ಅಂದರೆ ಪಾದದ ಗುರುತನ್ನು ನೋಡಿದ್ದರಿಂದ ಯಾವ ಲಾಭವೂ ಆಗಲಿಲ್ಲ. ಡೆನ್ಮಾರ್ಕಿನಲ್ಲಿ ಆರ್. ಓ. ನೀಲ್ಸನ್ ಮತ್ತು ಸಂಗಡಿಗರು ಬೇರೆ ದಾರಿ ಹಿಡಿದರು. ಓಟಕ್ಕೆ ಹೊಸಬರಾದ 927 ಮಂದಿಗೆ, ಪಾದ ಹೇಗೇ ಇರಲಿ, ಯಾವ ಪೋಸ್ಟೂ ಇಲ್ಲದ ಒಂದೇ ಬಗೆಯ ಸಾದಾ ಶೂ ಕೊಟ್ಟು ಒಂದು ವರ್ಷ ಗಮನಿಸಿದರು. ಒಳಕ್ಕೆ ವಾಲುವ ಪಾದದವರು ಹೆಚ್ಚು ಗಾಯಗೊಳ್ಳಲಿಲ್ಲ. 1,000 ಕಿ.ಮೀ. ಓಟಕ್ಕೆ ಎಷ್ಟು ಗಾಯ ಎಂದು ಲೆಕ್ಕ ಹಾಕಿದಾಗ, ಸಾಧಾರಣ ಪಾದದವರಿಗಿಂತ ಅವರಿಗೇ ಕಡಿಮೆ ಇತ್ತು. ಅಂಗಡಿಯ ತರ್ಕದಲ್ಲಿ ವಾಲಿಕೆಯನ್ನು ನೋವಿಗೆ ಕಟ್ಟಿದ ಕೊಂಡಿ ಇಲ್ಲಿ ಕಳಚಿತು. ಆದರೆ ಈ ಅಧ್ಯಯನವನ್ನು ಹಿಡಿದು ಕುಣಿಯುವವರು ಅದರ ಕೋಷ್ಟಕವನ್ನೂ ಓದಬೇಕು. ಎಣಿಸಿದ 1,854 ಪಾದಗಳಲ್ಲಿ ತೀರಾ ವಾಲುವಂಥವು 18 ಮಾತ್ರ. ಸಾಧಾರಣವಾಗಿ ವಾಲುವವರಿಗೆ ಧೈರ್ಯ ಹೇಳಲು ಈ ಅಧ್ಯಯನ ಸಾಕು, ತೀರಾ ವಾಲುವ ಪಾದದ ಬಗ್ಗೆ ಅದರಿಂದ ಏನನ್ನೂ ಹೇಳಲಾಗದು.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವಿದೆ. 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಲಕ್ಸೆಂಬರ್ಗಿನ ಲೊರಾಂ ಮಾಲಿಸೂ ಮತ್ತು ಅವರ ತಂಡ 372 ಹವ್ಯಾಸಿ ಓಟಗಾರರಿಗೆ ಎರಡು ಬಗೆಯ ಶೂಗಳನ್ನು ಚೀಟಿ ಎತ್ತಿದಂತೆ ಹಂಚಿತು. ಒಂದರಲ್ಲಿ ವಾಲಿಕೆ ತಡೆಯುವ ರಚನೆ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ತಾನು ತೊಟ್ಟಿರುವುದು ಯಾವುದೆಂದು ಓಟಗಾರನಿಗೆ ತಿಳಿಸಿರಲಿಲ್ಲ. ಆರು ತಿಂಗಳ ಕೊನೆಗೆ ತಡೆಯುವ ಶೂ ತೊಟ್ಟವರಲ್ಲಿ ಗಾಯ ಕಡಿಮೆ ಕಂಡಿತು, ಅದರಲ್ಲೂ ಒಳಕ್ಕೆ ವಾಲುವ ಪಾದದವರಿಗೆ ಆದ ಲಾಭ ಎದ್ದು ಕಾಣುವಂತಿತ್ತು. ಹಾಗಾದರೆ ಅಂಗಡಿಯವರ ಮಾತೇ ನಿಜವಲ್ಲವೇ? ಅರ್ಧ ನಿಜ. ಪಾದ ಚೆನ್ನಾಗಿಯೇ ವಾಲುವವರು ಸ್ಟೆಬಿಲಿಟಿ ಶೂವನ್ನು ಪರೀಕ್ಷಿಸಿ ನೋಡಲು ಈ ಫಲಿತಾಂಶ ಒಳ್ಳೆಯ ಕಾರಣ. ಆದರೆ ಇಲ್ಲಿ ಪಾದವನ್ನು ಅಳೆದದ್ದು ಹಿಮ್ಮಡಿಯ ಓಲುವಿಕೆಯೂ ಸೇರಿ ಆರು ಅಂಶ ನೋಡುವ ವೈದ್ಯಕೀಯ ಪಟ್ಟಿಯಿಂದ, ಒದ್ದೆ ಪಾದದ ಗುರುತಿನಿಂದ ಅಲ್ಲ. ಇನ್ನೊಂದು ಕಡೆ, ಕೆನಡಾದಲ್ಲಿ 81 ಮಹಿಳಾ ಓಟಗಾರರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪಾದ ತುಂಬಾ ವಾಲುತ್ತದೆಂದು ಮೋಷನ್ ಕಂಟ್ರೋಲ್ ಶೂ ಪಡೆದ ಎಲ್ಲರೂ ನೋವು ವರದಿ ಮಾಡಿದ್ದರು. ಅಂಥವರ ಸಂಖ್ಯೆ ಬೆರಳೆಣಿಕೆಯಷ್ಟೇ ಇದ್ದದ್ದರಿಂದ ಅದನ್ನೂ ಅತಿಯಾಗಿ ಹಿಗ್ಗಿಸಬಾರದು. 2022ರಲ್ಲಿ ಕಾಕ್ರೇನ್ ಸಂಸ್ಥೆಯ ವಿಮರ್ಶೆ ಇಂಥ 12 ಪ್ರಯೋಗಗಳನ್ನು ಒಟ್ಟಿಗಿಟ್ಟು ತೂಗಿದಾಗ, ಯಾವ ಬಗೆಯ ಶೂ ಗಾಯ ತಪ್ಪಿಸುತ್ತದೆ ಎಂದು ಖಚಿತವಾಗಿ ಹೇಳುವಷ್ಟು ಬಲವಾದ ಪುರಾವೆ ಸಿಗಲಿಲ್ಲ.

ಕಂಪನಿಗಳಿಗೂ ಈ ಗಾಳಿ ತಟ್ಟಿದೆ. 2019ರ ಹೊತ್ತಿಗೆ ಬ್ರೂಕ್ಸ್ ತನ್ನ ಅಡ್ರಿನಲಿನ್ ಶೂವಿನಿಂದ ಪೋಸ್ಟನ್ನು ತೆಗೆದು, ಹಿಮ್ಮಡಿಯ ಎರಡೂ ಮಗ್ಗುಲಿಗೆ ತಡೆಗೋಡೆಯಂಥ ದಿಂಡುಗಳನ್ನಿಟ್ಟಿತು. ಪಾದ ಅತ್ತಿತ್ತ ತೀರಾ ಸರಿದಾಗ ಮಾತ್ರ ಅವು ತಾಗುತ್ತವೆ. 2023ರ ಕಯಾನೊ 30ರಲ್ಲಿ ಆಸಿಕ್ಸ್ ಕೂಡ ಗಟ್ಟಿ ತುಂಡಿಗೆ ವಿದಾಯ ಹೇಳಿ, ಅಗಲವಾದ ತಳವನ್ನೂ ಕಮಾನಿನ ಕೆಳಗೆ ಪುಟಿಯುವ ಮೆತ್ತನೆಯ ಫೋಮನ್ನೂ ಕೊಟ್ಟಿತು. ಮೂವತ್ತು ವರ್ಷ ಗಡಸುತನವೇ ಮದ್ದೆಂದು ಮಾರಿದವರು ಈಗ ಅದೇ ಜಾಗದಲ್ಲಿ ಮೃದುತನವನ್ನು ಮಾರುತ್ತಿದ್ದಾರೆ. ಡಬ್ಬಿಯ ಮೇಲಿನ ಹೆಸರು ಮಾತ್ರ ಬದಲಾಗಿಲ್ಲ. ಆದ್ದರಿಂದ ಇಂದು ಸ್ಟೆಬಿಲಿಟಿ ಎಂದು ಬರೆದಿದ್ದರೆ ಒಳಗೆ ಏನಿದೆ ಎಂದು ಕೇಳುವುದು ಅಗತ್ಯ. ಅಗಲವಾದ ತಳ, ಗಟ್ಟಿಯಾದ ಹಿಮ್ಮಡಿ ಗೂಡು, ಪಾದವನ್ನು ತುಸು ಒಳಗೆ ಕೂರಿಸುವ ಫೋಮಿನ ಅಂಚು, ಇವು ಯಾರ ಪಾದವನ್ನೂ ತಿದ್ದಲು ಹೋಗುವುದಿಲ್ಲ. ಹಳೆಯ ಬೂದು ತುಂಡಿಗಿಂತ ಇವನ್ನು ನಾನು ಮೆಚ್ಚುತ್ತೇನೆ.

ಇನ್ನು ಮೆತ್ತೆಯ ಮಾತು. ಶೂವಿನ ನಡುವಿನ ಪದರ, ಮಿಡ್‌ಸೋಲ್, ಬಹಳ ಕಾಲ ಇವಿಎ ಎಂಬ ಫೋಮಿನದ್ದೇ ಆಗಿತ್ತು. ಇಡ್ಲಿಯನ್ನು ಮುರಿದಾಗ ಕಾಣುವ ಗೂಡುಗಳಂತೆ ಅದರೊಳಗೂ ಸಣ್ಣ ಸಣ್ಣ ಗೂಡುಗಳಿವೆ, ಆದರೆ ಅವು ಒಂದಕ್ಕೊಂದು ತೆರೆದುಕೊಳ್ಳದೆ ಗಾಳಿಯನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತವೆ. ಕಾಲು ಒತ್ತಿದಾಗ ಗೂಡು ಕುಗ್ಗುತ್ತದೆ, ಎತ್ತಿದಾಗ ಹಿಗ್ಗುತ್ತದೆ, ಕುಗ್ಗಿಸಲು ತಗುಲಿದ ಶಕ್ತಿಯ ಒಂದು ಪಾಲು ಮಾತ್ರ ಮರಳುತ್ತದೆ. ಸಾವಿರಾರು ಹೆಜ್ಜೆಗಳಲ್ಲಿ ಗೂಡಿನ ಗೋಡೆಗಳು ಸುಕ್ಕುಗಟ್ಟಿ ಬಿರಿಯುತ್ತವೆ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಇಂಥ ಶೂವಿನಲ್ಲಿ 500 ಕಿ.ಮೀ. ಓಡಿದ ಮೇಲೆ ಹಿಮ್ಮಡಿಯ ಮೇಲಿನ ಗರಿಷ್ಠ ಒತ್ತಡ ಸುಮಾರು ಇಮ್ಮಡಿಯಾಗಿತ್ತು. ಮೇಲ್ಭಾಗದ ಬಟ್ಟೆ ಹೊಸದರಂತೆ ಇದ್ದರೂ ಒಳಗಿನ ಮೆತ್ತೆ ಸತ್ತಿರಬಹುದು ಎನ್ನುವುದು ಇದಕ್ಕೇ. 1980ರ ದಶಕದ ಗಾಳಿಚೀಲ, ಜೆಲ್ ಇತ್ಯಾದಿಗಳು ಈ ಫೋಮಿನೊಳಗೆ ಹುದುಗಿಸಿದ ಸೇರ್ಪಡೆಗಳಷ್ಟೇ. ನಿಜವಾದ ಬದಲಾವಣೆ ಬಂದದ್ದು ಫೋಮೇ ಬದಲಾದಾಗ. 2013ರಲ್ಲಿ ಬಿಎಎಸ್‌ಎಫ್ ಎಂಬ ರಾಸಾಯನಿಕ ಕಂಪನಿಯ ಹಿಗ್ಗಿಸಿದ ಪಾಲಿಯುರಿಥೇನ್ ಮಣಿಗಳಿಂದ ಅಡಿಡಾಸ್ ಬೂಸ್ಟ್ ಬಂತು, 2017ರಲ್ಲಿ ಪೀಬಾ ಎಂಬ ಹಗುರ ಫೋಮಿನ ನೈಕಿ ವೇಪರ್‌ಫ್ಲೈ ಬಂತು. ಆ ಕಾಲದಲ್ಲೇ ಕೊಲರಾಡೊದ ಪ್ರಯೋಗಾಲಯದಲ್ಲಿ ಮೂರು ಓಟದ ಶೂಗಳನ್ನು ಒತ್ತಿ ಅಳೆದಾಗ ಸಾಧಾರಣ ಫೋಮಿನದು ಮರಳಿಸಿದ ಶಕ್ತಿ ಶೇ. 65.5, ಬೂಸ್ಟ್ ಮಾದರಿಯದು ಶೇ. 75.9, ಪೀಬಾದ್ದು ಶೇ. 87.

ಅಷ್ಟು ಪುಟಿಯುವ ಫೋಮ್ ಮ್ಯಾರಥಾನ್ ಗೆಲ್ಲುವವರಿಗೆ ವರ. ಬೆಳಗಿನ ಐದು ಕಿಲೋಮೀಟರ್ ಓಡುವವರಿಗೆ ಅದು ವರವೇ ಆಗಬೇಕೆಂದಿಲ್ಲ. ಮೆತ್ತೆ ದಪ್ಪವಾಗಿ, ಮೃದುವಾಗಿ, ಕಿರಿದಾದ ತಳದ ಮೇಲೆ ಕೂತಷ್ಟೂ ಕಣಕಾಲು ಓಲಾಡುತ್ತದೆ. ಇನ್ನೂ ಒಂದು ವಿಚಿತ್ರವಿದೆ. ಮೆತ್ತನೆಯ ತಳದ ಮೇಲೆ ಓಡುವಾಗ ನಮ್ಮ ದೇಹ ತನಗೆ ತಾನೇ ಕಾಲನ್ನು ಬಿಗಿ ಮಾಡಿಕೊಳ್ಳುತ್ತದೆ. 2018ರಲ್ಲಿ ಫಿನ್ಲೆಂಡಿನ ಸಂಶೋಧಕರು ದಪ್ಪ ಮೆತ್ತೆಯ ಶೂವನ್ನೂ ಸಾಧಾರಣ ಶೂವನ್ನೂ ಹೋಲಿಸಿದಾಗ, ವೇಗದ ಓಟದಲ್ಲಿ ದಪ್ಪ ಮೆತ್ತೆಯಲ್ಲೇ ನೆಲದ ಏಟು ಹೆಚ್ಚು ದಾಖಲಾಯಿತು. ಹಾಗೆಂದು ಗಡಸು ಶೂವೇ ಲೇಸೆನ್ನುವಂತೆಯೂ ಇಲ್ಲ. ಹಿಂದೆ ಹೇಳಿದ ಲಕ್ಸೆಂಬರ್ಗ್ ತಂಡವೇ 2020ರಲ್ಲಿ ಪ್ರಕಟಿಸಿದ, 848 ಓಟಗಾರರ ಪ್ರಯೋಗದಲ್ಲಿ, ನೋಡಲು ಒಂದೇ ಥರ ಇದ್ದ ಎರಡು ಶೂಗಳ ಪೈಕಿ ಗಡಸಿನದನ್ನು ತೊಟ್ಟವರಿಗೆ ಗಾಯ ಹೆಚ್ಚಾಯಿತು. ಮೈ ಭಾರದವರಿಗೆ ಮೆತ್ತೆ ಬೇಕು ಎಂಬ ವಾಡಿಕೆಯ ಮಾತಿಗೆ ವಿರುದ್ಧವಾಗಿ, ಮೆತ್ತೆಯ ಲಾಭ ಕಂಡದ್ದು ಹಗುರ ಮೈಯವರಲ್ಲಿ. ಎರಡನ್ನೂ ಒಟ್ಟಿಗೆ ಓದಿದರೆ ತೋರುವುದು, ಮಿತವಾದ ಮೆತ್ತೆ ಒಳ್ಳೆಯದು, ದಪ್ಪ ಹೆಚ್ಚಾದಷ್ಟೂ ರಕ್ಷಣೆ ಹೆಚ್ಚುತ್ತದೆ ಎಂಬ ನಂಬಿಕೆ ಮಾತ್ರ ತಪ್ಪು.

ಹಾಗಾದರೆ ಆಯ್ಕೆ ಹೇಗೆ? ಕ್ಯಾಲ್ಗರಿ ವಿಶ್ವವಿದ್ಯಾಲಯದ ಬೆನ್ನೊ ನಿಗ್ ಪಾದ ಮತ್ತು ಶೂಗಳ ಮೇಲೆ ದಶಕಗಳ ಕಾಲ ದುಡಿದವರು. ಪ್ರತಿಯೊಬ್ಬರ ಮೂಳೆಗಳಿಗೂ ಒಲಿದ ಒಂದು ಚಲನೆಯ ದಾರಿ ಇರುತ್ತದೆ, ಆ ದಾರಿಗೆ ಅಡ್ಡ ಬರದ ಶೂ ತೊಟ್ಟವರಿಗೆ ಹಿತವೆನಿಸುತ್ತದೆ, ಆದ್ದರಿಂದ ಹಿತವನ್ನೇ ಜರಡಿಯಾಗಿಟ್ಟುಕೊಳ್ಳಿ ಎಂದು ಅವರು 2015ರಲ್ಲಿ ಮುಂದಿಟ್ಟರು. ಅವರ ಬಳಗದ ಹಿಂದಿನ ಒಂದು ಅಧ್ಯಯನದಲ್ಲಿ, ಆರು ಬಗೆಯ ಒಳಪದರಗಳಿಂದ ತಮಗೆ ಹಿತವಾದುದನ್ನು ತಾವೇ ಆರಿಸಿಕೊಂಡ ಸೈನಿಕರಿಗೆ ಕಾಲಿನ ಗಾಯ ಕಡಿಮೆಯಾಗಿತ್ತು. ಇದು ಇನ್ನೂ ಪೂರ್ತಿ ಸಾಬೀತಾದ ಸಿದ್ಧಾಂತವಲ್ಲ, ಸದ್ಯಕ್ಕೆ ಒದ್ದೆ ಪಾದದ ಗುರುತಿಗಿಂತ ನಂಬಲರ್ಹ, ಅಷ್ಟೇ. ಹಿತ ಮೋಸ ಮಾಡುವುದಿಲ್ಲವೇ, ಅಂಗಡಿಯಲ್ಲಿ ಮೆತ್ತಗಿದ್ದದ್ದು ರಸ್ತೆಯಲ್ಲಿ ಕಚ್ಚುವುದಿಲ್ಲವೇ ಎಂದು ಕೇಳಬಹುದು. ನಿಂತು ನೋಡಿದರೆ ಖಂಡಿತ ಮೋಸ ಮಾಡುತ್ತದೆ, ಏಕೆಂದರೆ ನಿಂತಾಗ ಗೊತ್ತಾಗುವುದು ಮೆತ್ತೆಯ ಮೃದುತನ ಒಂದೇ. ಹಿತವನ್ನು ಓಡುತ್ತಲೇ ಅಳೆಯಬೇಕು.

ಬರಿಗಾಲಿನ ಪಕ್ಷಪಾತಿಗಳಿಗೆ ಇವೆಲ್ಲ ವ್ಯರ್ಥ ಚರ್ಚೆಯಾಗಿ ಕಾಣುತ್ತದೆ. ನಮ್ಮ ಅಜ್ಜಂದಿರು ಯಾವ ಶೂ ತೊಟ್ಟಿದ್ದರು ಎಂಬ ಪ್ರಶ್ನೆ ಅವರದು. ಅವರಿಗೆ ಒಂದು ಬಲವಾದ ಸಾಕ್ಷಿ ನಮ್ಮ ನೆಲದಿಂದಲೇ ಸಿಗುತ್ತದೆ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ವೈದ್ಯರಾದ ರಾವ್ ಮತ್ತು ಜೋಸೆಫ್, 4ರಿಂದ 13 ವರ್ಷದ 2,300 ಮಕ್ಕಳ ಪಾದದ ಗುರುತನ್ನು ತೆಗೆದು 1992ರಲ್ಲಿ ವರದಿ ಪ್ರಕಟಿಸಿದರು. ಪಾದರಕ್ಷೆ ತೊಡುವ ಮಕ್ಕಳಲ್ಲಿ ಚಪ್ಪಟೆ ಪಾದ ಶೇ. 8.6, ಬರಿಗಾಲಲ್ಲಿ ಬೆಳೆದವರಲ್ಲಿ ಶೇ. 2.8. ಚಪ್ಪಲಿಗಿಂತ ಬೆರಳು ಮುಚ್ಚುವ ಶೂ ತೊಡುವವರಲ್ಲೇ ಇದು ಹೆಚ್ಚು. ಪುಟ್ಟ ಮಕ್ಕಳನ್ನು ಮನೆಯಂಗಳದಲ್ಲಿ ಬರಿಗಾಲಲ್ಲಿ ಬಿಡಿ ಎನ್ನಲು ಇಷ್ಟು ಸಾಕು. ಆದರೆ ನಲವತ್ತು ವರ್ಷ ಬೂಟು ತೊಟ್ಟ ಕಾಲು ನಾಳೆ ಬೆಳಿಗ್ಗೆ ಡಾಂಬರಿನ ಮೇಲೆ ಬರಿಗಾಲಲ್ಲಿ ಓಡಬಹುದೆಂದು ಇದರಿಂದ ಸಿದ್ಧವಾಗುವುದಿಲ್ಲ. 2013ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಹತ್ತು ವಾರಗಳಲ್ಲಿ ತೆಳು ತಳದ ಐದು ಬೆರಳಿನ ಶೂಗೆ ಹೊರಳಿದ 19 ಓಟಗಾರರ ಪೈಕಿ 10 ಮಂದಿಯ ಪಾದದ ಮೂಳೆಯೊಳಗೆ ಊತ ಹೆಚ್ಚಾಗಿತ್ತು. ಇನ್ನೂ ಒಂದು ಸಂಗತಿ ಗಮನಿಸಿ: ಮಣಿಪಾಲದ ವೈದ್ಯರು ಅದೇ ಪಾದದ ಗುರುತನ್ನು ಬಳಸಿದ್ದು ಪಾದ ಹೇಗೆ ಬೆಳೆಯಿತೆಂದು ತಿಳಿಯಲು. ಆ ಕೆಲಸಕ್ಕೆ ಅದು ತಕ್ಕ ಸಾಧನ. ಅದೇ ಗುರುತಿನಿಂದ ಮುಂದಿನ ಗಾಯದ ಭವಿಷ್ಯ ಹೇಳಲು ಹೊರಡುವುದು ತಪ್ಪು.

ಅಂಗಡಿಗೆ ಸಂಜೆಯ ಹೊತ್ತು ಹೋಗಿ, ಆಗ ಪಾದ ತುಸು ಊದಿರುತ್ತದೆ. ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಳ್ಳಿ. ಎರಡು ಪಾದಗಳಲ್ಲಿ ದೊಡ್ಡದಕ್ಕೆ ಅಳತೆ ಹಿಡಿದು, ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಉಗುರಿನಷ್ಟು ಜಾಗ ಉಳಿಯುವಂತೆ ನೋಡಿ. ಶೂವನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ಹಿಂದಿನಿಂದ ಕಣ್ಣು ಹಾಯಿಸಿದರೆ ಹಿಮ್ಮಡಿ ನೆಟ್ಟಗೆ ನಿಂತಿರಬೇಕು. ಹೊಚ್ಚಹೊಸದರಲ್ಲೇ ಒಂದು ಕಡೆಗೆ ಓರೆಯಾಗಿದ್ದರೆ ಬೆಲೆ ಎಷ್ಟೇ ಇರಲಿ ಬಿಟ್ಟುಬಿಡಿ. ಒಂದೇ ಕಂಪನಿಯ ಸಾದಾ ಶೂ ಒಂದು, ಸ್ಟೆಬಿಲಿಟಿ ಶೂ ಒಂದು ತರಿಸಿಕೊಂಡು ಒಂದರ ನಂತರ ಒಂದರಂತೆ ಎರಡು ಮೂರು ನಿಮಿಷ ಓಡಿ. ಬೇಕಿದ್ದರೆ ಎಡಗಾಲಿಗೆ ಒಂದು, ಬಲಗಾಲಿಗೆ ಇನ್ನೊಂದು ಹಾಕಿ, ಆಮೇಲೆ ಅದಲುಬದಲು ಮಾಡಿ. ಕಮಾನಿನ ಕೆಳಗೆ ಏನೋ ಒತ್ತುತ್ತಿದೆ ಎನಿಸಿದರೆ ಆ ಶೂ ನಿಮ್ಮದಲ್ಲ. ಹಿಮ್ಮಡಿ ಓಲಾಡದೆ, ಶೂ ಇರುವುದೇ ಮರೆತುಹೋಗುವಂತಿದ್ದರೆ ಅದನ್ನೇ ಆರಿಸಿ. ಅದು ಸ್ಟೆಬಿಲಿಟಿ ಶೂ ಆಗಿದ್ದರೂ ಸರಿ, ಸಾದಾ ಆಗಿದ್ದರೂ ಸರಿ. ಅಂಗಡಿಯಲ್ಲಿ ಓಡಲು ಬಿಡದಿದ್ದರೆ ಬೇರೆ ಅಂಗಡಿ ನೋಡಿ. ಮುಂಗಾಲಿಗಿಂತ ಹಿಮ್ಮಡಿ ಎಷ್ಟು ಎತ್ತರವೆಂದೂ ಕೇಳಿಕೊಳ್ಳಿ. ಆ ಎತ್ತರ ಕಡಿಮೆಯಾದಷ್ಟೂ ಮೀನಖಂಡ ಮತ್ತು ಹಿಮ್ಮಡಿಯ ಸ್ನಾಯುರಜ್ಜುವಿನ ಮೇಲೆ ಕೆಲಸ ಹೆಚ್ಚುತ್ತದೆ, ಆದ್ದರಿಂದ ಹಳೆಯ ಶೂಗೂ ಹೊಸದಕ್ಕೂ ಹೆಚ್ಚು ಅಂತರ ಬೇಡ. ಮಳೆಯಲ್ಲಿ ನೆನೆದ ಶೂವನ್ನು ಒಲೆಯ ಬಳಿ ಅಥವಾ ಉರಿಬಿಸಿಲಿನಲ್ಲಿ ಒಣಗಿಸಬೇಡಿ, ಫೋಮೂ ಅಂಟೂ ಬಿಸಿಗೆ ಕೆಡುತ್ತವೆ. ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಲ್ಲಿಡಿ.

ಈಗ ತೊಡುತ್ತಿರುವ ಶೂವಿನಲ್ಲಿ ನೋವಿಲ್ಲದೆ ಓಡುತ್ತಿರುವವರು ಪಾದದ ಗುರುತು ನೋಡಿ ಶೂವಿನ ಬಗೆ ಬದಲಾಯಿಸಬೇಕಾಗಿಲ್ಲ. ನೋವಿದ್ದು ಎರಡು ವಾರ ಕಳೆದರೂ ಬಿಡದಿದ್ದರೆ, ಕಾಲು ಎಳೆದು ನಡೆಯುವಂತಾದರೆ, ಸಕ್ಕರೆ ಕಾಯಿಲೆಯಿದ್ದು ಪಾದ ಜೋಮು ಹಿಡಿಯುತ್ತಿದ್ದರೆ, ಶೂ ಅಂಗಡಿಗೆ ಹೋಗುವ ಮೊದಲು ಮೂಳೆ ವೈದ್ಯರಿಗೋ ಫಿಸಿಯೋಥೆರಪಿಸ್ಟರಿಗೋ ಕಾಲು ತೋರಿಸಿ. ಹೋಗುವಾಗ ಹಳೆಯ ಶೂ ಜೋಡಿಯನ್ನೂ ಕೈಚೀಲದಲ್ಲಿ ಒಯ್ಯಿರಿ.